ಹಕ್ಕು ಮಗುವಿಗೆ, ಅಲೆದಾಟ ಹೆತ್ತವರಿಗೆ

ವಿಶೇಷ ಶಿಕ್ಷಣ: ಕಾಯ್ದೆಯಲ್ಲಿ ಭರವಸೆಗಳಿಗೆ ಕೊರತೆಯಿಲ್ಲ, ಶಾಲೆಯ ಕೊಠಡಿಯಲ್ಲಿ ಪೋಷಕರಿಗೊಂದು ಕುರ್ಚಿ ಇಲ್ಲ

ನಮ್ಮ ವರದಿಗಾರರಿಂದ

ಬೆಂಗಳೂರು: ನಗರದ ಪಶ್ಚಿಮ ಭಾಗದ ಬಡಾವಣೆಯೊಂದರಲ್ಲಿ ವಾಸಿಸುವ ಆ ತಾಯಿಯ ಕೈಚೀಲದಲ್ಲಿ ಸದಾ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಮಗನ ಮೂರು ವರ್ಷಗಳ ಅಂಕಪಟ್ಟಿ, ಕೆಂಪು ಶಾಯಿಯ ಗೆರೆಗಳಿಂದ ತುಂಬಿದ ಕಾಪಿ ಪುಸ್ತಕದ ಹಾಳೆಗಳು, ಆಸ್ಪತ್ರೆಯ ಚೀಟಿಗಳು, ಶಾಲೆಗೆ ಬರೆದ ಪತ್ರಗಳ ಪ್ರತಿಗಳು ಅದರಲ್ಲಿವೆ. ಮಗ ನಾಲ್ಕನೇ ತರಗತಿ. ಪಾಠವನ್ನು ಒಮ್ಮೆ ಕೇಳಿದರೆ ಬಾಯಲ್ಲಿ ಒಪ್ಪಿಸಬಲ್ಲ. ಬಸ್ಸಿನಲ್ಲಿ ಕೂತು ಹದಿನೈದರ ಮಗ್ಗಿ ಹೇಳಬಲ್ಲ. ಆದರೆ ಅದನ್ನೇ ಬರೆಯೆಂದರೆ ಅಕ್ಷರಗಳು ಕಲಸಿಹೋಗುತ್ತವೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ಅರ್ಧ ಉತ್ತರಕ್ಕೇ ಗಂಟೆ ಬಾರಿಸುತ್ತದೆ.

ಕಳೆದ ಶೈಕ್ಷಣಿಕ ವರ್ಷದ ಕೊನೆಯಲ್ಲಿ ಮುಖ್ಯೋಪಾಧ್ಯಾಯಿನಿ ಆಕೆಯನ್ನು ಕರೆಸಿ, ‘ನಿಮ್ಮ ಹುಡುಗನಿಗೆ ನಮ್ಮ ಶಾಲೆ ಸರಿಹೋಗುವುದಿಲ್ಲಮ್ಮ. ವಿಶೇಷ ಶಾಲೆ ನೋಡಿಕೊಳ್ಳಿ, ಟಿ.ಸಿ. ಬರೆದುಕೊಡುತ್ತೇವೆ’ ಎಂದರು. ‘ಮೇಡಂ, ಅವನಿಗೆ ಪಾಠ ಅರ್ಥವಾಗುತ್ತದೆ, ಬರೆಯುವುದಕ್ಕೆ ಆಗುತ್ತಿಲ್ಲ ಅಷ್ಟೆ’ ಎಂದು ತಾಯಿ ಹೇಳಿದ್ದಕ್ಕೆ, ‘ಪರೀಕ್ಷೆ ಬರವಣಿಗೆಯಲ್ಲೇ ತಾನೆ ಇರುವುದು’ ಎಂಬ ಉತ್ತರ ಬಂತು. ಎರಡೂ ಮಾತು ಸತ್ಯವೇ. ಈ ಎರಡು ಸತ್ಯಗಳ ನಡುವೆ ಮಗುವಿನ ವಿದ್ಯಾಭ್ಯಾಸ ಸಿಕ್ಕಿಕೊಂಡಿದೆ.

ಇದು ಒಂದು ಮನೆಯ ಕಥೆಯಲ್ಲ. ಕಲಿಕಾ ನ್ಯೂನತೆ, ಆಟಿಸಂ, ಶ್ರವಣದೋಷ, ಸೆರೆಬ್ರಲ್ ಪಾಲ್ಸಿ ಹೀಗೆ ನಾನಾ ಕಾರಣಗಳಿಂದ ಬೇರೆ ರೀತಿಯ ಕಲಿಕೆ ಬೇಕಾದ ಮಕ್ಕಳ ಹೆತ್ತವರು ಪ್ರತಿ ವರ್ಷ ಶಾಲೆ, ಆಸ್ಪತ್ರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಎಂದು ಅಲೆಯುತ್ತಾರೆ. ದೇಶದಲ್ಲಿ ಇವರ ಪರವಾಗಿ ಕಾನೂನಿಲ್ಲ ಎನ್ನುವಂತಿಲ್ಲ. ಕಾನೂನು ಧಾರಾಳವಾಗಿಯೇ ಇದೆ. ಆದರೆ ಆ ಹಕ್ಕನ್ನು ಯಾರ ಮುಂದೆ, ಯಾವಾಗ, ಯಾವ ರೂಪದಲ್ಲಿ ಕೇಳಬೇಕು, ಎಷ್ಟು ದಿನದೊಳಗೆ ಉತ್ತರ ಬರಬೇಕು ಎಂಬುದನ್ನು ಅದು ಬಿಡಿಸಿ ಹೇಳಿಲ್ಲ. ಹಕ್ಕು ಇದೆ, ಅದನ್ನು ತಲುಪುವ ದಾರಿಯಿಲ್ಲ. ಇಂದಿನ ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ಕಾಯ್ದೆ ಏನು ಹೇಳುತ್ತದೆ?

1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ-2016 ಈ ಸಂಖ್ಯೆಯನ್ನು 21ಕ್ಕೆ ಏರಿಸಿತು. ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಈ ಪಟ್ಟಿಗೆ ಸೇರಿದವು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಈ ಕಾಯ್ದೆಯ 16ನೇ ಕಲಂ ಶಾಲೆಗಳ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ತಾರತಮ್ಯವಿಲ್ಲದೆ ಪ್ರವೇಶ ನೀಡಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ವೈಯಕ್ತಿಕ ನೆರವು ಒದಗಿಸಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ಸೂಕ್ತ ಬೋಧನಾ ಕ್ರಮ ಅನುಸರಿಸಬೇಕು, ಪ್ರತಿ ವಿದ್ಯಾರ್ಥಿಯ ಪ್ರಗತಿಯ ಮೇಲೆ ನಿಗಾ ಇಡಬೇಕು ಎಂಬುದು ಅದರ ಸಾರ.

ಈ ಕರ್ತವ್ಯಗಳು ಸರ್ಕಾರಿ ಶಾಲೆಗಳಿಗೆ ಮಾತ್ರ ಸೀಮಿತವಲ್ಲ ಎಂಬುದು ಗಮನಾರ್ಹ. ಸರ್ಕಾರದ ಅನುದಾನ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಮಾನ್ಯತೆ ಬೇಕು, ಕರ್ತವ್ಯ ಬೇಡ ಎನ್ನಲು ಯಾವ ಖಾಸಗಿ ಶಾಲೆಗೂ ಅವಕಾಶವಿಲ್ಲ.

17ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಶಾಲಾ ಮಕ್ಕಳಲ್ಲಿ ಅಂಗವೈಕಲ್ಯ ಗುರುತಿಸಲು ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಸಬೇಕು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು ಮಾಡಬೇಕು ಎನ್ನುತ್ತದೆ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಬಾರಿಗೆ 10 ಸಾವಿರ ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 89ನೇ ಕಲಂನಲ್ಲಿ ಅವಕಾಶವಿದೆ.

ಇನ್ನು ಟಿ.ಸಿ. ವಿಷಯ. ಶಿಕ್ಷಣ ಹಕ್ಕು ಕಾಯ್ದೆ-2009ರ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅನುತ್ತೀರ್ಣಗೊಳಿಸುವ ಕುರಿತ ನಿಯಮ 2019ರ ತಿದ್ದುಪಡಿಯಲ್ಲಿ ಸಡಿಲಗೊಂಡಿತಾದರೂ ಹೊರಹಾಕುವುದಕ್ಕಿರುವ ನಿಷೇಧ ಹಾಗೆಯೇ ಉಳಿದಿದೆ. ಈ ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದುಂಟು. ಆದರೆ 2016ರ ಕಾಯ್ದೆಯ 16ನೇ ಕಲಂನಲ್ಲಿ ಅಂತಹ ವಿನಾಯಿತಿಯ ಮಾತಿಲ್ಲ.

ಆದ್ದರಿಂದಲೇ ಶಾಲೆಗಳು ‘ಹೊರಹಾಕುತ್ತೇವೆ’ ಎಂದು ಎಲ್ಲಿಯೂ ಬರೆದುಕೊಡುವುದಿಲ್ಲ. ‘ನೀವೇ ಕರೆದುಕೊಂಡು ಹೋಗಿ’ ಎಂದು ಬಾಯಲ್ಲಿ ಹೇಳುತ್ತವೆ. ಟಿ.ಸಿ.ಗೆ ಅರ್ಜಿ ಹಾಕುವವರು ಪೋಷಕರೇ ಆದಾಗ ದಾಖಲೆಯಲ್ಲಿ ಶಾಲೆಯ ತಪ್ಪು ಕಾಣಿಸುವುದಿಲ್ಲ.

ಪ್ರಮಾಣಪತ್ರದ ಹೊಸ್ತಿಲು

ಶಾಲೆಗೆ ಹೋಗಿ ನೆರವು ಕೇಳಿದ ಪೋಷಕರಿಗೆ ಮೊದಲು ಎದುರಾಗುವ ಪ್ರಶ್ನೆ, ‘ಸರ್ಟಿಫಿಕೇಟ್ ಎಲ್ಲಿ?’ ಎಂಬುದು. ಕಲಿಕಾ ನ್ಯೂನತೆಗೆ ಸಂಬಂಧಿಸಿ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಎಂಟು ವರ್ಷ ತುಂಬಿದ ಬಳಿಕವೇ ಪ್ರಮಾಣಪತ್ರ ನೀಡಬೇಕು, 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ನಡೆಯಬೇಕು ಎಂದು ನಿಗದಿಪಡಿಸಿತು. ಎಳೆಯ ವಯಸ್ಸಿನಲ್ಲಿ ಅಕ್ಷರ ತಪ್ಪುವುದು ಸಹಜವಾದ್ದರಿಂದ ಅವಸರದ ಹಣೆಪಟ್ಟಿ ಬೇಡ ಎಂಬ ಕಾಳಜಿ ಅದರ ಹಿಂದಿತ್ತು. ಆದರೆ ಮಗು ಶಾಲೆಗೆ ಸೇರುವುದು ಆರನೇ ವಯಸ್ಸಿಗೆ. ಪ್ರಮಾಣಪತ್ರವಿಲ್ಲದೆ ನೆರವಿಲ್ಲ ಎಂದು ಶಾಲೆ ಹಠ ಹಿಡಿದರೆ ಓದು-ಬರಹದ ಅಡಿಪಾಯ ಬೀಳುವ ಎರಡು ವರ್ಷಗಳು ಬರಿದಾಗಿ ಹೋಗುತ್ತವೆ. ಆ ಹೊತ್ತಿಗೆ ಮಗು ‘ದಡ್ಡ’, ‘ಸೋಮಾರಿ’ ಎಂಬ ಬಿರುದುಗಳನ್ನು ಪಡೆದು, ಅವನ್ನು ತಾನೂ ನಂಬಿರುತ್ತದೆ.

ಅದೇ ಮಾರ್ಗಸೂಚಿಯ ಇನ್ನೊಂದು ಭಾಗ ಪೋಷಕರಿಗೆ ತಿಳಿದಿರುವುದು ಅಪರೂಪ. ಮಗು ಮೂರನೇ ತರಗತಿಗೆ ಬಂದಾಗ ಅಥವಾ ಎಂಟು ವರ್ಷವಾದಾಗ, ಯಾವುದು ಮೊದಲೋ ಆಗ, ಶಿಕ್ಷಕರೇ ಪ್ರಾಥಮಿಕ ತಪಾಸಣೆ ನಡೆಸಬೇಕು. ಇದಕ್ಕಾಗಿ ಪ್ರತಿ ಶಾಲೆಯಲ್ಲೂ, ಸರ್ಕಾರಿಯಿರಲಿ ಖಾಸಗಿಯಿರಲಿ, ಮುಖ್ಯ ಶಿಕ್ಷಕರ ನೇತೃತ್ವದ ಸಮಿತಿ ಇರಬೇಕು ಎಂದು ಅದು ವಿಧಿಸಿತ್ತು. ಅಂದರೆ ಮಗುವಿನ ತೊಂದರೆಯನ್ನು ಮೊದಲು ಗುರುತಿಸಿ ಪೋಷಕರಿಗೆ ತಿಳಿಸಬೇಕಾದುದು ಶಾಲೆ. ವಾಸ್ತವದಲ್ಲಿ ನಡೆಯುತ್ತಿರುವುದು ತಿರುವುಮುರುವು. ತಾಯಿ ಪತ್ತೆಹಚ್ಚುತ್ತಾಳೆ, ಶಾಲೆ ಪುರಾವೆ ಕೇಳುತ್ತದೆ.

ಪ್ರಮಾಣಪತ್ರದಲ್ಲಿ ಶೇ 40ರಷ್ಟು ವೈಕಲ್ಯ ನಮೂದಾಗದಿದ್ದರೆ ಯಾವ ಹಕ್ಕೂ ಇಲ್ಲ ಎಂಬ ನಂಬಿಕೆ ಶಾಲೆಗಳಲ್ಲೂ ಪೋಷಕರಲ್ಲೂ ಬೇರೂರಿದೆ. ಇದು ಪೂರ್ತಿ ಸರಿಯಲ್ಲ. 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕಿಗೆ ಶೇ 40ರ ಮಿತಿ ಇದೆ. ಆದರೆ 16ನೇ ಕಲಂನ ಕರ್ತವ್ಯಗಳಿಗೆ ಆ ಮಿತಿಯಿಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವನ್ನು ಶೇ 40ರ ಮಿತಿಗೆ ಕಟ್ಟಿಹಾಕಲಾಗದು ಎಂದು ಸ್ಪಷ್ಟಪಡಿಸಿತು. ಇದರ ಪರಿಣಾಮವಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ಮಿತಿಗಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗೂ ಮಾರ್ಗಸೂಚಿ ಹೊರಡಿಸಿತು. ಬರವಣಿಗೆಯ ನ್ಯೂನತೆಯುಳ್ಳ ವಿದ್ಯಾರ್ಥಿನಿಯೊಬ್ಬರಿಗೆ ‘ನೀಟ್’ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ನಿರಾಕರಿಸಿದ್ದು ತಪ್ಪು ಎಂದೂ 2021ರ ನವೆಂಬರ್‌ನಲ್ಲಿ ಇದೇ ನ್ಯಾಯಾಲಯ ತೀರ್ಪು ನೀಡಿತು. ದೊಡ್ಡ ಪರೀಕ್ಷೆಗಳಲ್ಲಿ ಒಪ್ಪಿತವಾದ ಈ ತತ್ವ ನಾಲ್ಕನೇ ತರಗತಿಯ ಕಿರುಪರೀಕ್ಷೆಗೆ ಇನ್ನೂ ಇಳಿದುಬಂದಿಲ್ಲ.

ಮೂರು ಲಿಪಿಗಳ ಹೊರೆ

ಕರ್ನಾಟಕದ ನಗರಗಳಲ್ಲಿ ಈ ಸಮಸ್ಯೆಗೆ ವಿಶೇಷವಾದೊಂದು ಮುಖವಿದೆ. ಇಂಗ್ಲಿಷ್ ಮಾಧ್ಯಮದ ಮಗು ಇಂಗ್ಲಿಷ್, ಕನ್ನಡ ಮತ್ತು ಹಿಂದಿ ಎಂಬ ಮೂರು ಲಿಪಿಗಳನ್ನು ಒಟ್ಟೊಟ್ಟಿಗೆ ಕಲಿಯಬೇಕಾಗುತ್ತದೆ. ಇವು ಮೂರು ಬೇರೆ ಬೇರೆ ಬಗೆಯ ಕಷ್ಟಗಳು. ಇಂಗ್ಲಿಷಿನಲ್ಲಿ ಅಕ್ಷರಗಳು ಕೆಲವೇ, ಆದರೆ ಬರೆದಂತೆ ಓದುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದರೆ ಕಾಗುಣಿತ, ಒತ್ತಕ್ಷರ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ‘ವ’ ಮತ್ತು ‘ಮ’, ‘ಪ’ ಮತ್ತು ‘ಷ’, ‘ದ’ ಮತ್ತು ‘ಧ’ಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆ ಅಥವಾ ಸುಳಿಯಷ್ಟೆ. ಹಿಂದಿಯಲ್ಲಿ ತಲೆಗಟ್ಟಿನ ಕೆಳಗೆ ಮತ್ತೊಂದು ವ್ಯವಸ್ಥೆ.

ಹೀಗಾಗಿ ಒಂದು ಲಿಪಿಯಲ್ಲಿ ಎಡವುವ ಮಗು ಇನ್ನೊಂದರಲ್ಲಿ ಸರಾಗವಾಗಿ ಓದಬಹುದು. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗು ಇಂಗ್ಲಿಷಿನಲ್ಲಿ ಹಿಂದುಳಿದರೆ ಅದು ನ್ಯೂನತೆಯಲ್ಲ, ಪರಿಚಯದ ಕೊರತೆ. ಇವೆರಡನ್ನೂ ಬೇರ್ಪಡಿಸಬೇಕಾದರೆ ಮಗುವಿಗೆ ಗೊತ್ತಿರುವ ಭಾಷೆಯಲ್ಲೇ ಪರೀಕ್ಷೆ ನಡೆಯಬೇಕು, ಪರೀಕ್ಷಿಸುವವರಿಗೆ ಆ ಭಾಷೆ ತಿಳಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಈ ಪರಿಣತಿಯಿದೆ. ರಾಯಚೂರಿನಿಂದಲೋ ಕಾರವಾರದಿಂದಲೋ ಅಲ್ಲಿಗೆ ಬರಬೇಕಾದ ಕುಟುಂಬದ ದಿನಗೂಲಿ, ಬಸ್ ಖರ್ಚು, ರಜೆಯ ಲೆಕ್ಕವನ್ನು ಯಾವ ಮಾರ್ಗಸೂಚಿಯೂ ಹಾಕುವುದಿಲ್ಲ.

ಭಾಷಾ ವಿನಾಯಿತಿಯ ಪ್ರಶ್ನೆಯೂ ನಾಜೂಕಿನದು. ರಾಜ್ಯದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿತು. ಮಗುವಿಗೆ ಭಾಷಾ ವಿನಾಯಿತಿ ಕೇಳಿದ ಪೋಷಕರನ್ನು ಕನ್ನಡ ತಪ್ಪಿಸುವವರೆಂದು ಅನುಮಾನಿಸುವ ಶಾಲೆಗಳಿವೆ. ಕನ್ನಡವನ್ನೇ ಮಾತನಾಡುವ, ಕನ್ನಡದಲ್ಲೇ ಯೋಚಿಸುವ ಮಗುವಿಗೆ ಬೇಕಿರುವುದು ಭಾಷೆಯಿಂದ ಬಿಡುಗಡೆಯಲ್ಲ, ಬರವಣಿಗೆಯ ಭಾರದಿಂದ ಒಂದಿಷ್ಟು ಸಡಿಲ. ಮೌಖಿಕ ಪರೀಕ್ಷೆಯೊಂದು ಇದ್ದರೆ ಎಷ್ಟೋ ಕಡೆ ಈ ವಿವಾದವೇ ಏಳದು.

ವಿಶೇಷ ಶಿಕ್ಷಕರೆಲ್ಲಿ?

ಹೊಂದಾಣಿಕೆ ಮಾಡುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಉತ್ತರ ಪ್ರದೇಶದಲ್ಲಿ ಆರಂಭವಾದ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿತು. ಕಿರಿಯ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಅನುಪಾತ ಇದರಿಂದ ನೆಲೆಗೊಂಡಿತು. 2022ರಲ್ಲಿ ಕೇಂದ್ರ ಸರ್ಕಾರ ಈ ಅನುಪಾತವನ್ನು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೇ ಸೇರಿಸಿತು.

ಆದರೂ ಹುದ್ದೆಗಳು ಸೃಷ್ಟಿಯಾಗಲಿಲ್ಲ. 2025ರ ಮಾರ್ಚ್ 7ರಂದು ಇದೇ ಪ್ರಕರಣ ಮತ್ತೆ ಮುಂದೆ ಬಂದಾಗ, ಮಾರ್ಚ್ 28ರೊಳಗೆ ಹುದ್ದೆಗಳ ಸಂಖ್ಯೆಯನ್ನು ಅಧಿಸೂಚಿಸುವಂತೆ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಗಡುವು ವಿಧಿಸಬೇಕಾಯಿತು. ಕೆಲವು ರಾಜ್ಯಗಳಲ್ಲಿ ಇಪ್ಪತ್ತು ವರ್ಷಗಳಿಂದ ಗುತ್ತಿಗೆ ಅಥವಾ ದಿನಗೂಲಿ ಆಧಾರದಲ್ಲಿ ದುಡಿಯುತ್ತಿರುವ ವಿಶೇಷ ಶಿಕ್ಷಕರಿದ್ದಾರೆ ಎಂಬುದೂ ಆಗ ಬೆಳಕಿಗೆ ಬಂತು. ತಮ್ಮ ಮುಂದಿನ ವರ್ಷದ ಕೆಲಸವೇ ಗೊತ್ತಿಲ್ಲದ ಶಿಕ್ಷಕರು ಮಗುವಿನ ಮುಂದಿನ ವರ್ಷದ ಕಲಿಕೆಯನ್ನು ಯೋಜಿಸಬೇಕಾದ ಸ್ಥಿತಿಯಿದು.

ಕರ್ನಾಟಕದ ಸರ್ಕಾರಿ ವ್ಯವಸ್ಥೆಯಲ್ಲಿ ಸಮನ್ವಯ ಶಿಕ್ಷಣದ ಹೊಣೆ ಬಹುಮಟ್ಟಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಂದ ಕೆಲಸ ಮಾಡುವ ಸಂಪನ್ಮೂಲ ಶಿಕ್ಷಕರ ಮೇಲಿದೆ. ಅವರು ಶಾಲೆಯಿಂದ ಶಾಲೆಗೆ ತಿರುಗಬೇಕು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. 2011ರ ಜನಗಣತಿಯಂತೆ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ದೇಶದಲ್ಲಿ ಐದರಿಂದ ಹತ್ತೊಂಬತ್ತು ವರ್ಷದ ವಿಕಲಚೇತನ ಮಕ್ಕಳಲ್ಲಿ ಸುಮಾರು ಕಾಲು ಭಾಗ ಯಾವ ಶಿಕ್ಷಣ ಸಂಸ್ಥೆಗೂ ಹೋಗುತ್ತಿಲ್ಲ ಎಂದು ಯುನೆಸ್ಕೊ 2019ರ ವರದಿಯಲ್ಲಿ ಹೇಳಿತ್ತು. ಆ ಜನಗಣತಿ ನಡೆದಾಗ ಕಲಿಕಾ ನ್ಯೂನತೆ ಕಾಯ್ದೆಯ ಪಟ್ಟಿಯಲ್ಲೇ ಇರಲಿಲ್ಲ ಎಂಬುದನ್ನು ನೆನೆದರೆ ನಿಜವಾದ ಅಗತ್ಯ ಇದಕ್ಕಿಂತ ದೊಡ್ಡದೆಂದು ಊಹಿಸಬಹುದು.

ಶಾಲೆಯ ವಾದ

ಶಾಲೆಗಳ ಕಷ್ಟವನ್ನೂ ತಳ್ಳಿಹಾಕುವಂತಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕಿ ಪಠ್ಯವನ್ನೂ ಮುಗಿಸಬೇಕು, ಫಲಿತಾಂಶವನ್ನೂ ತರಬೇಕು, ಇಬ್ಬರು ಮೂವರಿಗೆ ಬೇರೆ ರೀತಿಯಲ್ಲೂ ಕಲಿಸಬೇಕು. ಇದಕ್ಕೆ ತರಬೇತಿ ಆಕೆಗೆ ಸಿಕ್ಕಿರುವುದಿಲ್ಲ. ಇತರ ಪೋಷಕರ ಆಕ್ಷೇಪಗಳೂ ಬರುತ್ತವೆ. ಹೊಂದಾಣಿಕೆಯು ಸಂಸ್ಥೆಗೆ ಮಿತಿಮೀರಿದ ಹೊರೆಯಾಗಬಾರದು ಎಂದು ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ಖಾಸಗಿ ಶಾಲೆಗಳು ಆತುಕೊಳ್ಳುವುದು ಈ ಮಾತನ್ನೇ.

ಇದರಿಂದ ಹುಟ್ಟಿಕೊಂಡದ್ದು ನಗರಗಳ ‘ಶ್ಯಾಡೋ ಟೀಚರ್’ ಪದ್ಧತಿ. ಮಗುವಿನ ಪಕ್ಕದಲ್ಲಿ ಕೂರಲು ಒಬ್ಬರನ್ನು ಪೋಷಕರೇ ಹುಡುಕಿ, ಸಂಬಳ ಕೊಟ್ಟು ಕಳುಹಿಸಿದರೆ ಮಾತ್ರ ಮಗುವನ್ನು ಉಳಿಸಿಕೊಳ್ಳುತ್ತೇವೆ ಎಂಬ ಷರತ್ತು. ಶುಲ್ಕದ ಮೇಲೆ ಈ ಖರ್ಚು ಭರಿಸಬಲ್ಲವರ ಮಗು ಶಾಲೆಯಲ್ಲಿ ಉಳಿಯುತ್ತದೆ. ಭರಿಸಲಾಗದವರ ಮಗು ಮನೆಗೆ ಮರಳುತ್ತದೆ. ಹಕ್ಕು ಎಂಬುದು ಇಲ್ಲಿ ಸದ್ದಿಲ್ಲದೆ ಸೌಲಭ್ಯವಾಗಿ, ಸೌಲಭ್ಯ ಸರಕಾಗಿ ಮಾರ್ಪಟ್ಟಿದೆ.

ಆದರೆ ಹೊರೆಯ ಮಾತನ್ನು ಎಲ್ಲದಕ್ಕೂ ಅನ್ವಯಿಸಲಾಗದು. ಮುಂದಿನ ಬೆಂಚಿನಲ್ಲಿ ಕೂರಿಸುವುದು, ಕಪ್ಪುಹಲಗೆಯಿಂದ ನಕಲು ಮಾಡಿಸುವ ಬದಲು ಟಿಪ್ಪಣಿಯ ಪ್ರತಿ ಕೊಡುವುದು, ಕಾಗುಣಿತದ ತಪ್ಪಿಗೆ ವಿಜ್ಞಾನದಲ್ಲಿ ಅಂಕ ಕಳೆಯದಿರುವುದು, ಉತ್ತರವನ್ನು ಬಾಯಲ್ಲಿ ಕೇಳುವುದು, ಇವಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಬೇಕಿರುವುದು ಒಂದು ನಿರ್ಧಾರ, ಮತ್ತು ಆ ನಿರ್ಧಾರವನ್ನು ಬರೆದಿಡುವ ಒಂದು ಹಾಳೆ.

ಕುರ್ಚಿಯ ಪ್ರಶ್ನೆ

ಈ ಹಾಳೆಯ ಮಹತ್ವ ಅರ್ಥವಾಗಬೇಕಾದರೆ ಅಮೆರಿಕದ ಉದಾಹರಣೆ ನೋಡಬಹುದು. ಅಲ್ಲಿನ ಪೆನ್ಸಿಲ್ವೇನಿಯಾದಲ್ಲಿ ಬುದ್ಧಿಮಾಂದ್ಯ ಮಕ್ಕಳನ್ನು ಶಾಲೆಗಳು ಹೊರಗಿಟ್ಟಾಗ ಹೆತ್ತವರ ಸಂಘವೊಂದು 1971ರಲ್ಲಿ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. 1975ರಲ್ಲಿ ರಾಷ್ಟ್ರಮಟ್ಟದ ಕಾಯ್ದೆ ಬಂತು. ಅದರಂತೆ ಪ್ರತಿ ಮಗುವಿಗೂ ‘ಐಇಪಿ’ ಎಂದು ಕರೆಯುವ ವೈಯಕ್ತಿಕ ಶಿಕ್ಷಣ ಯೋಜನೆ ಬರವಣಿಗೆಯಲ್ಲಿ ಇರಬೇಕು. ಅದನ್ನು ರೂಪಿಸುವ ತಂಡದಲ್ಲಿ ಪೋಷಕರೂ ಸದಸ್ಯರು. ವರ್ಷಕ್ಕೊಮ್ಮೆಯಾದರೂ ಪರಿಶೀಲನೆ ಆಗಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಅಲ್ಲಿಯೂ ಎಲ್ಲ ಸುಗಮವಲ್ಲ. ವಕೀಲರನ್ನಿಟ್ಟು ಹೋರಾಡುವ ಪೋಷಕರಿದ್ದಾರೆ, ಕೇಂದ್ರ ಸರ್ಕಾರ ಮಾತು ಕೊಟ್ಟಷ್ಟು ಹಣವನ್ನು ಎಂದೂ ಪೂರ್ತಿ ನೀಡಿಲ್ಲ. ಆದರೂ ಹೆತ್ತವರು ಅಲ್ಲಿ ಅರ್ಜಿದಾರರಲ್ಲ, ಮೇಜಿನ ಸುತ್ತ ಕೂರುವವರು.

ನಮ್ಮ ಕಾಯ್ದೆಯಲ್ಲಿ ‘ವೈಯಕ್ತಿಕ ನೆರವು’ ಎಂಬ ಮಾತಿದೆ. ಆ ನೆರವಿನ ಲಿಖಿತ ಯೋಜನೆ, ಅದಕ್ಕೆ ಪೋಷಕರ ಸಹಿ, ಪರಿಶೀಲನೆಯ ದಿನಾಂಕ ಇವುಗಳ ಮಾತಿಲ್ಲ. ಕೆಲವು ಶಾಲೆಗಳು ಸ್ವಂತ ಆಸಕ್ತಿಯಿಂದ ಇಂತಹ ಯೋಜನೆ ರೂಪಿಸುತ್ತವೆ. ಅದು ಆ ಶಾಲೆಯ ಒಳ್ಳೆಯತನವೇ ಹೊರತು ಮಗುವಿನ ಹಕ್ಕಾಗಿ ಉಳಿದಿಲ್ಲ.

ಹಾಗೆಂದು ನಮ್ಮಲ್ಲಿ ಕುರ್ಚಿಯೇ ಇಲ್ಲ ಎನ್ನಲಾಗದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಆಡಳಿತ ಸಮಿತಿಯಲ್ಲಿ, ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರಿರಬೇಕು. ಅವಕಾಶವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಇರಬೇಕು. 2012ರ ತಿದ್ದುಪಡಿಯಿಂದ ಅಂಗವೈಕಲ್ಯವುಳ್ಳ ಮಕ್ಕಳೂ ಈ ಗುಂಪಿಗೆ ಸೇರಿದ್ದಾರೆ. ಅಂದರೆ ಸರ್ಕಾರಿ ಶಾಲೆಗಳಲ್ಲಿ ಈ ಪೋಷಕರಿಗೆ ಕುರ್ಚಿ ಕಾನೂನಿನಲ್ಲಿ ಈಗಾಗಲೇ ಇದೆ, ಕೂತವರು ವಿರಳ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸಮಿತಿಯ ನಿಯಮವೇ ಅನ್ವಯಿಸದು. ನಗರದ ಮಧ್ಯಮವರ್ಗದ ಪೋಷಕರು ಹೆಚ್ಚಾಗಿ ಇರುವುದು ಅಲ್ಲಿಯೇ.

ಆಗಬೇಕಾದುದೇನು?

ಹೊಸ ಕಾಯ್ದೆಗಾಗಿ ಕಾಯಬೇಕಾದ ಅಗತ್ಯ ಕಾಣದು. ರಾಜ್ಯ ಸರ್ಕಾರ ಒಂದು ಆದೇಶದ ಮೂಲಕ ಮಾನ್ಯತೆ ಪಡೆದ ಪ್ರತಿ ಶಾಲೆಗೂ ಮೂರು ವಿಷಯಗಳನ್ನು ಕಡ್ಡಾಯಗೊಳಿಸಬಹುದು. ಪೋಷಕರ ಮನವಿಗೆ ನಿಗದಿತ ದಿನಗಳೊಳಗೆ ಲಿಖಿತ ಉತ್ತರ. ಪ್ರಮಾಣಪತ್ರ ಬರುವವರೆಗೂ ಕಾಯದೆ ತಾತ್ಕಾಲಿಕ ಹೊಂದಾಣಿಕೆ. ಪೋಷಕರ ಸಹಿಯಿರುವ, ವರ್ಷಕ್ಕೆರಡು ಬಾರಿ ಪರಿಶೀಲನೆಯಾಗುವ ಕಲಿಕಾ ಯೋಜನೆ. ಮಾನ್ಯತೆ ನವೀಕರಣದ ಸಮಯದಲ್ಲಿ ಈ ದಾಖಲೆಗಳನ್ನು ಕೇಳಿದರೆ ಸಾಕು, ಅರ್ಧ ಕೆಲಸ ತಾನಾಗಿ ಆಗುತ್ತದೆ. ಸುಪ್ರೀಂ ಕೋರ್ಟ್ ಹೇಳಿದ ಅನುಪಾತದಲ್ಲಿ ಕಾಯಂ ಶಿಕ್ಷಕರ ನೇಮಕ ಉಳಿದರ್ಧ.

ಪೋಷಕರೂ ಬಾಯಿಮಾತಿನ ಭರವಸೆಗಳನ್ನು ನೆಚ್ಚಿ ವರ್ಷಗಳನ್ನು ಕಳೆಯಬಾರದು. ಮನವಿ ಲಿಖಿತವಾಗಿರಬೇಕು, 16ನೇ ಕಲಂನ ಉಲ್ಲೇಖ ಅದರಲ್ಲಿರಬೇಕು, ಸ್ವೀಕೃತಿ ಕೈಯಲ್ಲಿರಬೇಕು. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಲ್ಲಿಯೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಟಿ.ಸಿ. ಅರ್ಜಿಗೆ ಮಾತ್ರ ಒತ್ತಡಕ್ಕೆ ಮಣಿದು ಸಹಿ ಹಾಕಬಾರದು.

ಆರಂಭದಲ್ಲಿ ಹೇಳಿದ ತಾಯಿ ಮಾಡಿದ್ದೂ ಇದನ್ನೇ. ಆಕೆ ಟಿ.ಸಿ. ಕೇಳಲಿಲ್ಲ. ಪತ್ರ ಬರೆದರು. ಶಾಲೆಯ ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಹಾಕಲು ಒಪ್ಪದಿದ್ದಾಗ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯನ್ನು ಫೈಲಿಗೆ ಸೇರಿಸಿದರು. ಆರು ವಾರಗಳ ಬಳಿಕ ಶಾಲೆ ಎರಡು ವಿಷಯಕ್ಕೆ ಒಪ್ಪಿತು. ಪರಿಸರ ಅಧ್ಯಯನದ ಪರೀಕ್ಷೆಯನ್ನು ಬಾಯಲ್ಲಿ ಕೇಳುವುದು, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು. ಹುಡುಗ ಪರಿಸರ ಅಧ್ಯಯನದಲ್ಲಿ ತರಗತಿಯ ಮೊದಲ ಐವರಲ್ಲೊಬ್ಬನಾದ. ತರಗತಿ ಶಿಕ್ಷಕಿಯೇ ಮನೆಗೆ ಫೋನ್ ಮಾಡಿ ಈ ಸುದ್ದಿ ತಿಳಿಸಿದರಂತೆ.

ಆದರೆ ಶಾಲೆಯ ಒಪ್ಪಿಗೆ ಬಾಯಿಮಾತಿನದು. ಮುಂದಿನ ಜೂನ್‌ನಲ್ಲಿ ಐದನೇ ತರಗತಿ, ಹೊಸ ತರಗತಿ ಶಿಕ್ಷಕರು. ತಾಯಿ ಅದೇ ಫೈಲು ಹಿಡಿದು ಮೊದಲ ಪುಟದಿಂದ ಮತ್ತೆ ಎಲ್ಲವನ್ನೂ ಹೇಳಬೇಕು.